ಕುಂಡದ ಕೆಂಪು ಮಣ್ಣು

ನಾನು ಬಟ್ಟೆ ಹೊಲಿಯುವವಳು, ಕಥೆ ಹೊಸೆಯುವವಳಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ತಂಗಿ ತರಬೇತಿಗೆಂದು ಪರವೂರಿಗೆ ಹೋಗುವಾಗ, ತಾನು ಸಾಕಿದ್ದ ಬಿಲದ ಜೇಡವನ್ನು ಗಾಜಿನ ಪೆಟ್ಟಿಗೆಯ ಸಮೇತ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಬಿಟ್ಟಳು. ಪೆಟ್ಟಿಗೆ ತುಂಬ ಕಪ್ಪು ಮಣ್ಣು.

"ಬಾಟ್ಲಿ ಮುಚ್ಚಳದಲ್ಲಿ ನೀರಿಡು, ಆಗಾಗ ಒಂದು ಜಿರಲೆ ಹಾಕು. ಅಷ್ಟೇ ಕಣೇ ಅಕ್ಕ."

"ಜೇಡ ಸಾಕೋ ಬದ್ಲು ಒಬ್ಬ ಗಂಡನ್ನ ಸಾಕಬಾರ್ದಾ ಇವಳು?" ಎಂದು ಅಮ್ಮ ಗೊಣಗಿದಳು.

ಮಾರನೆಯ ಬೆಳಿಗ್ಗೆ ಬಿಲದ ಬಾಯಲ್ಲಿ ಒಂದು ಹಿಡಿ ಮಣ್ಣು ಬಿದ್ದಿತ್ತು. ತೋಡುವುದು ಅದರ ಕಸುಬು, ಸರಿ. ಆದರೆ ಆ ಮಣ್ಣು ಕೆಂಪಗಿತ್ತು. ಮುಟ್ಟಿದರೆ ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯಂತೆ ಬೆಚ್ಚಗಿತ್ತು. ಪೆಟ್ಟಿಗೆ ಎತ್ತಿ ನೋಡಿದೆ. ತಳದ ಗಾಜಿನಲ್ಲಿ ಒಂದು ಬಿರುಕೂ ಇರಲಿಲ್ಲ. ದಿನವೂ ಹೀಗೇ ಆಯಿತು. ಎಸೆಯಲು ಮನಸ್ಸಾಗದೆ ಆ ಮಣ್ಣನ್ನು ಬಾಲ್ಕನಿಯ ಖಾಲಿ ಕುಂಡಕ್ಕೆ ಹಾಕುತ್ತಾ ಬಂದೆ. ಕುಂಡ ತುಂಬಿತು, ಪೆಟ್ಟಿಗೆಯ ಮಣ್ಣು ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ತಂಗಿ ಬಂದು ಜೇಡವನ್ನು ಊರಾಚೆಯ ತನ್ನ ಮನೆಗೆ ಒಯ್ದಳು. ಇವತ್ತು ಬೆಳಿಗ್ಗೆ ಫೋನ್ ಮಾಡಿದಳು.

"ಅಕ್ಕಾ, ಪೆಟ್ಟಿಗೇಲಿ ಮಣ್ಣು ದಿನಾ ಕಮ್ಮಿ ಆಗ್ತಿದೆ ಕಣೇ. ಎಲ್ಲಿಗೆ ಹೋಗ್ತಿದೆಯೋ ಗೊತ್ತಾಗ್ತಿಲ್ಲ."

ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ಕುಂಡದ ನಡುವೆ ಹೆಬ್ಬೆರಳಗಲದ ಒಂದು ಬಿಲ. ಅದರ ಸುತ್ತ ಕಪ್ಪು ಮಣ್ಣು.

"ಜೇಡ ಎಲ್ಲಿದೆ?" ಎಂದೆ.

"ಇಲ್ಲೇ, ನನ್ನ ಕಣ್ಣೆದುರಿಗೇ ಕೂತಿದೆ. ಯಾಕೆ?"

ಅವಳು ಕೇಳುತ್ತಿರುವಾಗಲೇ ಕುಂಡದ ಬಿಲದಿಂದ ಇನ್ನೊಂದು ಉಂಡೆ ಕಪ್ಪು ಮಣ್ಣು ಹೊರಗುರುಳಿತು.