ಕೊಡೆಯ ಹಿಂದಿನ ಸಾಲು

ಈಗಲೇ ಹೇಳಿಬಿಡಲೇ? ಇನ್ನೊಂದು ಸಲ ನೋಡಿ ಹೇಳಲೇ?

ವೆಂಡೆಲ್ ಸ್ಟ್ರಂಕ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೇಳುವುದಿದ್ದರೆ ಒಂದೇ ವಾಕ್ಯ.

"ಬಾಯಿ ಬಿಡಯ್ಯಾ," ಎಂದ ಸ್ಟ್ಯಾನ್ ವೊಯ್ಟಾಸ್. ಟೊಲೆಡೊ ನಗರದ ಆ ಮನೆ ಮಾರಾಟದ ಕಚೇರಿಗೆ ಅವನೇ ಒಡೆಯ. "ಫೋಟೋ ನೋಡಿ ಹೊರಗೆ ಬಿಡೋದು ನಿನ್ನ ಕೆಲಸ. ಇದು ಹೆಂಗೆ ಹೋಯ್ತು?"

ಪರದೆಯ ಮೇಲೆ ವಿಲೋ ಕೋರ್ಟ್ ವಸತಿ ಸಮುಚ್ಚಯದ ಈಜುಕೊಳ. ನೀಲಿ ನೀರು. ಬಿಳಿ ಕುರ್ಚಿಗಳು. ಬಿಚ್ಚಿದ ಕೆಂಪು ಕೊಡೆ. ಕೊಡೆಯ ಹಿಂದೆ ಗೋಡೆಯಲ್ಲೊಂದು ಫಲಕ: 'ವಯಸ್ಕರಿಗೆ ಮಾತ್ರ.'

ಮನೆ ಮಾರುವ ಚಿತ್ರದಲ್ಲಿ ಇರಬಾರದ್ದೇ ಇದು. ಮಕ್ಕಳಿರುವವರಿಗಾಗಲಿ, ಬೇರೆ ಬಣ್ಣದವರಿಗಾಗಲಿ, ಬೇರೆ ದೇವರನ್ನು ನಂಬುವವರಿಗಾಗಲಿ 'ನೀವು ಇಲ್ಲಿ ಬೇಡ' ಎಂದು ಚಿತ್ರ ಹೇಳಕೂಡದು. ಕಾನೂನೇ ಹಾಗಿದೆ. ವೆಂಡೆಲ್‌ಗೆ ಸಂಬಳ ಬರುತ್ತಿದ್ದುದು ಅದಕ್ಕೇ. ಮಂಚದ ಮೇಲಿನ ಶಿಲುಬೆ, ಫ್ರಿಜ್ಜಿಗೆ ಅಂಟಿಸಿದ ಕುಟುಂಬದ ಫೋಟೋ, ಕಿಟಕಿಯಾಚೆ ಕಾಣುವ ಚರ್ಚಿನ ಗೋಪುರ ಎಲ್ಲವೂ ಅವನ ಕಣ್ಣಿಗೆ ಬಿದ್ದು ಅಲ್ಲೇ ನಿಲ್ಲಬೇಕು.

"ವಸತಿ ಹಕ್ಕಿನ ಕೇಂದ್ರಕ್ಕೆ ಯಾರೋ ದೂರು ಕೊಟ್ಟಿದ್ದಾರೆ," ಎಂದ ಸ್ಟ್ಯಾನ್. "ಎರಡು ಮಕ್ಕಳ ತಾಯಿ ಒಬ್ಬಳು ಇವತ್ತು ಮನೆ ನೋಡೋಕೆ ಬರಬೇಕಿತ್ತು. ಫೋಟೋ ನೋಡಿ, ಬರಲ್ಲ ಅಂದ್ಲು. ಡೆಲ್ಫೀನ್ ಲೈಸೆನ್ಸು ಹೋಗತ್ತೆ ಕಣಯ್ಯಾ!"

ಡೆಲ್ಫೀನ್ ಪ್ರುಯಿಟ್ ಕಿಟಕಿಯ ಹತ್ತಿರ ನಿಂತಿದ್ದಳು. ವಿಲೋ ಕೋರ್ಟಿನ ಆ ಮನೆ ಮಾರಿಸುವ ಏಜೆಂಟ್ ಅವಳೇ. ಕೈಯಲ್ಲಿ ಎರಡು ಕಾಫಿ ಲೋಟ. ಒಂದು ಅವಳದು. ಕಳೆದ ವಸಂತದವರೆಗೆ ಇನ್ನೊಂದು ವೆಂಡೆಲ್‌ನದಾಗಿತ್ತು. ಈಗ ರುಬೆನ್ ಅಲ್ಕಾಲಾನದು.

ರುಬೆನ್ ಫೋಟೋ ತೆಗೆಯುವವನು. ಬೇರೆ ರಾಜ್ಯದಿಂದ ವಸಂತದಲ್ಲಷ್ಟೇ ಬಂದವನು.

"ಕೊಳಕ್ಕೆ ಈಗ ಟಾರ್ಪಾಲು ಹೊದಿಸಿದ್ದಾರೆ," ಎಂದ ರುಬೆನ್. "ನವೆಂಬರಲ್ಲಿ ನೀಲಿ ನೀರು ಎಲ್ಲಿಂದ ತರ್ಲಿ? ಎಲ್ರೂ ಮಾಡೋದನ್ನೇ ಮಾಡ್ದೆ. ಕಚೇರಿ ಫೋಲ್ಡರಿಂದ ಬೇಸಿಗೆ ಫೋಟೋ ತಗೊಂಡೆ."

ರೂಢಿ ಅದೇ. ಈಜುಕೊಳ, ತೋಟ, ವ್ಯಾಯಾಮದ ಕೋಣೆ ಹೀಗೆ ಎಲ್ಲರಿಗೂ ಸೇರಿದ ಜಾಗಗಳ ಚಿತ್ರ ಒಂದು ಸಲ ವೆಂಡೆಲ್ ನೋಡಿ ಒಪ್ಪಿದರೆ ಸಾಕು, ಫೋಲ್ಡರಿನಲ್ಲಿರುತ್ತದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಮತ್ತೆ ಯಾರೂ ನೋಡುವುದಿಲ್ಲ.

ಸ್ಟ್ಯಾನ್ ಫೋಲ್ಡರ್ ತೆರೆದ. ಕೊಳದ ಚಿತ್ರವಿತ್ತು, ಆದರೆ ಅದರ ಇನ್ನೊಂದು ಬದಿಯದು. ಗೋಡೆಯೂ ಇಲ್ಲ, ಫಲಕವೂ ಇಲ್ಲ.

"ಯಾಕಪ್ಪಾ ಈ ಕಟ್ಟುಕಥೆ? ಬೇಸಿಗೇಲಿ ನೀನೇ ತೆಗೆದಿದ್ದು ಅನ್ನು."

"ನಾನು ತೆಗೆದಿದ್ದಲ್ಲ. ಇಲ್ಲಿಂದ್ಲೇ ತಗೊಂಡಿದ್ದು. ಫೋಲ್ಡರಿಂದು ಅಂತ ಫಲಕ ಕಡೆ ನೋಡ್ಲೇ ಇಲ್ಲ."

"ಪಾಪ ಡೆಲ್ಫೀನ್, ಚಿನ್ನಾ," ಎಂದು ಬಾಗಿಲಲ್ಲಿ ದನಿ ಕೇಳಿತು. ಲೋರ್ನಾ ವಿಕರಿ. ಕಚೇರಿಯ ಹಿರಿಯ ಏಜೆಂಟ್. ಡೆಲ್ಫೀನ್ ಬರುವವರೆಗೆ ವಿಲೋ ಕೋರ್ಟಿನ ಮನೆಗಳೆಲ್ಲ ಅವಳ ಕೈಯಿಂದಲೇ ಮಾರಾಟವಾಗುತ್ತಿದ್ದವು. "ನಿನ್ನೆ ಮೊನ್ನೆ ಬಂದವರನ್ನ ನಂಬಿದ್ರೆ ಹೀಗೇ ಆಗೋದು."

"ವೆಂಡೆಲ್, ನೀನೇನಂತೀ?" ಸ್ಟ್ಯಾನ್ ಕೇಳಿದ.

ವೆಂಡೆಲ್ ಎರಡನೆಯ ಲೋಟವನ್ನು ನೋಡಿದ. ಅದರಿಂದ ಇನ್ನೂ ಹಬೆ ಏಳುತ್ತಿತ್ತು.

"ರುಬೆನ್ ಸದ್ಯಕ್ಕೆ ಕೆಲಸದಿಂದ ಹೊರಗಿರ್ಲಿ. ನಾನು ವಿಚಾರಿಸ್ತೀನಿ."

ರುಬೆನ್ ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿ ಹೊರಟ. ಡೆಲ್ಫೀನ್ ಅವನ ಹಿಂದೆಯೇ ಹೋದಳು. ಎರಡೂ ಲೋಟ ಅವಳ ಜೊತೆಗೇ ಹೋದವು.

*

ವೆಂಡೆಲ್ ವಸತಿ ಹಕ್ಕಿನ ಕೇಂದ್ರಕ್ಕೆ ಫೋನ್ ಮಾಡಿದ.

"ದೂರು ಕೊಟ್ಟೋರ ಹೆಸರು ಹೇಳೋ ಹಾಗಿಲ್ಲ ಸರ್," ಎಂದಳು ಅಲ್ಲಿಯ ಹೆಂಗಸು.

"ಹೆಸರು ಬೇಡ. ಏನಂದ್ರು ಅಷ್ಟು ಹೇಳಿ."

"ಈಜುಕೊಳದ ಫೋಟೋಲಿ ಬೋರ್ಡಿದೆ. 'ವಯಸ್ಕರಿಗೆ ಮಾತ್ರ, ಹದಿನಾಲ್ಕರೊಳಗಿನವರಿಗೆ ಪ್ರವೇಶವಿಲ್ಲ' ಅಂತಿದೆ ಅಂದ್ರು."

"ಎರಡೂ ಸಾಲು ಫೋಟೋಲಿದೆ ಅಂದ್ರಾ?"

"ಹೂಂ. ಓದೋಕೇ ಬೇಜಾರಾಗತ್ತೆ ಅಂತ ಅಳೋದೊಂದು ಬಾಕಿ ಆಯಮ್ಮ."

ಆಯಮ್ಮ. ವೆಂಡೆಲ್ ಚಿತ್ರವನ್ನು ಹಿಗ್ಗಿಸಿದ. ಮೊದಲ ಸಾಲಿನ ಕೆಳಗೆ ಕೊಡೆಯ ಕೆಂಪು ಅಂಚು. ಎಷ್ಟು ಹಿಗ್ಗಿಸಿದರೂ ಕೆಂಪೇ.

ಸಂಜೆಯ ಹೊತ್ತಿಗೆ ವಿಲೋ ಕೋರ್ಟಿಗೆ ಹೋದ. ಎದುರಿನ ಬಸ್ ನಿಲ್ದಾಣದ ಬೆಂಚಿನ ಬೆನ್ನಿಗೆ ಅಂಟಿಸಿದ ಜಾಹೀರಾತಿನಲ್ಲಿ ಡೆಲ್ಫೀನ್‌ಳ ದೊಡ್ಡ ಮುಖ, ಕೆಳಗೆ ಅವಳ ಫೋನ್ ನಂಬರು. ಅವಳ ಗಲ್ಲಕ್ಕೆ ಬೆನ್ನು ಕೊಟ್ಟು ಒಬ್ಬ ಮುದುಕ ಬಸ್ಸಿಗೆ ಕಾಯುತ್ತಿದ್ದ.

ಕೊಳದ ಟಾರ್ಪಾಲಿನ ಮೇಲೆ ಮೇಪಲ್ ಎಲೆಗಳು ಕೊಳೆಯುತ್ತಿದ್ದವು. ಗೋಡೆ ಬರಿದಾಗಿತ್ತು. ವೆಂಡೆಲ್‌ನ ಬೆರಳು ಹುಡುಕದೆಯೇ ಒಂದು ಸ್ಕ್ರೂ ತೂತಿನ ಮೇಲೆ ಹೋಗಿ ನಿಂತಿತು. ಅಂಥವು ನಾಲ್ಕು. ತೂತಿಗೆ ಗಾರೆ ತುಂಬಿ, ಬಣ್ಣ ಬಳಿದು, ಆ ಬಣ್ಣದ ಮೇಲೂ ಪಾಚಿ ಹತ್ತಿತ್ತು.

ತಿರುಗಿದಾಗ ಕಾರುಗಳ ಸಾಲಿನಲ್ಲಿ ಡೆಲ್ಫೀನ್‌ಳ ಕಾರು ಕಂಡಿತು. ಒಳಗೆ ಅವಳು ಮತ್ತು ರುಬೆನ್. ನಡುವೆ ಎಣ್ಣೆ ಹತ್ತಿದ ಕಾಗದದ ಪೊಟ್ಟಣ. ಇಬ್ಬರೂ ತಿನ್ನುತ್ತಿರಲಿಲ್ಲ. ಅವಳು ಅಳುತ್ತಿದ್ದಳು. ಅವನು ಒಂದೊಂದಾಗಿ ಕಾಗದದ ಕರವಸ್ತ್ರ ಎತ್ತಿ ಕೊಡುತ್ತಿದ್ದ, ಮಾತಾಡದೆ.

ಬೈದಾಡಿಕೊಂಡಿದ್ದರೆ ವೆಂಡೆಲ್‌ಗೆ ಹಗುರಾಗುತ್ತಿತ್ತು. ಅಷ್ಟು ಹತ್ತಿರದ ಮೌನ ತನಗೂ ಅವಳಿಗೂ ನಡುವೆ ಎಂದೂ ಇರಲಿಲ್ಲ. ಮರದ ಮರೆಗೆ ಸರಿದ. ಇವತ್ತೊಂದು ದಿನ ರುಬೆನ್ ಹೊರಗೇ ಇರಲಿ, ಎಂದುಕೊಂಡ.

*

ಬೆಳಿಗ್ಗೆ ಡೆಲ್ಫೀನ್ ನೇರವಾಗಿ ಸ್ಟ್ಯಾನ್‌ನ ಮೇಜಿಗೆ ಬಂದಳು.

"ನನ್ನ ಹೆಸರು ಬರ್ಕೊಳ್ಳಿ. ಆ ಫೋಟೋ ಹಾಕಿದ್ದು ನಾನೇ."

"ಹುಚ್ಚಾ ನಿಂಗೆ? ಲೈಸೆನ್ಸು ಕಿತ್ಕೋತಾರೆ!"

"ಕಿತ್ಕೊಳ್ಲಿ. ಮಾಡದ ತಪ್ಪಿಗೆ ಅವನ ಹೊಟ್ಟೆ ಮೇಲೆ ಹೊಡೀಬೇಡಿ."

ವೆಂಡೆಲ್ ಕುರ್ಚಿಯಲ್ಲಿ ಅಲುಗಲಿಲ್ಲ. ತನಗಾಗಿ ಯಾರೂ ಹೀಗೆ ಸುಳ್ಳು ಹೇಳಿರಲಿಲ್ಲ. ಇನ್ನು ಸುಮ್ಮನಿದ್ದರೆ ರುಬೆನ್ ಉಳಿದು ಡೆಲ್ಫೀನ್ ಮುಳುಗುತ್ತಾಳೆ.

"ಒಂದ್ನಿಮಿಷ," ಎಂದ. "ಲೋರ್ನಾ, ಸ್ವಲ್ಪ ಬರ್ತೀರಾ?"

ಅವಳು ಬಂದಳು. ವೆಂಡೆಲ್ ಕೊಳದ ಚಿತ್ರವನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದ.

"ಕೇಂದ್ರಕ್ಕೆ ಉತ್ತರ ಬರೀಬೇಕು. ಫಲಕದಲ್ಲಿ ಏನಿದೆ, ಓದಿ ಹೇಳಿ."

ಲೋರ್ನಾ ಪರದೆಯ ಕಡೆ ಕಣ್ಣೂ ಹಾಯಿಸಲಿಲ್ಲ. "ಅದ್ರಲ್ಲಿ ಓದೋದೇನಿದೆ? ವಯಸ್ಕರಿಗೆ ಮಾತ್ರ, ಹದಿನಾಲ್ಕರೊಳಗಿನವರಿಗೆ ಪ್ರವೇಶವಿಲ್ಲ."

"ಎರಡನೇ ಸಾಲು ಎಲ್ಲಿದೆ, ತೋರಿಸ್ತೀರಾ?"

ಅವಳು ನೋಡಿದಳು. ಎಲ್ಲರೂ ನೋಡಿದರು. ಕೆಂಪು ಕೊಡೆ.

"ಫೋನಲ್ಲಿ ದೂರು ಕೊಟ್ಟ ಹೆಂಗಸೂ ಎರಡೂ ಸಾಲು ಹೇಳಿದ್ಳು," ಎಂದ ವೆಂಡೆಲ್. "ಫೋಟೋ ನೋಡಿ ಹೇಳೋಕಾಗಲ್ಲ. ಫಲಕಾನೇ ದಿನಾ ನೋಡಿದವರಿಗೆ ಮಾತ್ರ ಅದು ಬಾಯಿಗೆ ಬರತ್ತೆ. ಈಗ ಅಲ್ಲಿ ಫಲಕ ಇಲ್ಲ, ಬರೀ ತೂತಿದೆ. ತೂತು ಮುಚ್ಚಿದ ಬಣ್ಣಕ್ಕೇ ಪಾಚಿ ಹಿಡಿದಿದೆ. ವಸಂತದಲ್ಲಿ ಬಂದ ರುಬೆನ್ ಈ ಫೋಟೋ ತೆಗೆಯೋಕೆ ಸಾಧ್ಯಾನೇ ಇಲ್ಲ. ಇದು ಹಳೇದು. ಆಗ ವಿಲೋ ಕೋರ್ಟ್ ಯಾರ ಕೈಲಿತ್ತು?"

ಸ್ಟ್ಯಾನ್ ನಿಧಾನವಾಗಿ ಲೋರ್ನಾಳತ್ತ ತಿರುಗಿದ.

"ಚಳಿಗಾಲದಲ್ಲಿ ಎಲ್ಲರೂ ಫೋಲ್ಡರಿಗೇ ಬರ್ತಾರೆ, ಅಲ್ಲಿರೋದನ್ನ ನಾನು ಮತ್ತೆ ನೋಡಲ್ಲ. ನಿಮಗೆ ಗೊತ್ತಿತ್ತು. ಹಳೇ ಫೋಟೋ ಇಟ್ರಿ. ಅವನು ತಗೊಂಡ ಮೇಲೆ ವಾಪಸ್ ಬದಲಾಯಿಸಿ, ನೀವೇ ದೂರು ಕೊಟ್ರಿ."

ಲೋರ್ನಾ ಕುರ್ಚಿ ಎಳೆದು ಕೂತಳು. ಅವಳು ಹಚ್ಚಿಕೊಂಡ ಬಣ್ಣಗಳೆಲ್ಲ ಮುಖದಿಂದ ಬೇರೆಯಾಗಿ ಕಾಣತೊಡಗಿದವು.

"ವಿಲೋ ಕೋರ್ಟ್ ಎದುರಿನ ಬೆಂಚಿನ ಮೇಲೆ ನನ್ನ ಮುಖ ಇತ್ತು," ಎಂದಳು ಡೆಲ್ಫೀನ್‌ಗೆ. "ಒಂದು ದಿನ ಬೆಳಿಗ್ಗೆ ಹೋಗ್ತೀನಿ, ನನ್ನ ಮೇಲೇನೇ ನಿನ್ನನ್ನ ಅಂಟಿಸ್ತಿದ್ದಾರೆ. ಕಿತ್ತು ಕೂಡ ಹಾಕ್ಲಿಲ್ಲ ಕಣೇ. ಒಳಗೆ ಇನ್ನೂ ನಾನೇ ಇದ್ದೀನಿ. ದಿನಾ ಆ ದಾರೀಲೇ ಬರ್ಬೇಕು ನಾನು."

ಆ ಕೋಣೆಯಲ್ಲಿ ಅವಳ ಮಾತು ಪೂರ್ತಿ ಅರ್ಥವಾದದ್ದು ಒಬ್ಬನಿಗೇ. ಅವನು ನೆಲ ನೋಡುತ್ತಿದ್ದ.

*

ಲೋರ್ನಾ ಆ ದಿನವೇ ತನ್ನ ಮೇಜು ಖಾಲಿ ಮಾಡಿದಳು. ಸ್ಟ್ಯಾನ್ ಕೇಂದ್ರದವರಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದ. ಎರಡು ಮಕ್ಕಳ ತಾಯಿಗೆ ಡೆಲ್ಫೀನ್ ತಾನೇ ಫೋನ್ ಮಾಡಿ ಕರೆದಳು. ರುಬೆನ್ ಬಂದು ವೆಂಡೆಲ್‌ನ ಕೈ ಹಿಡಿದುಕೊಂಡ.

"ನೀನಿಲ್ದೇ ಇದ್ರೆ ನಾನು ಊರು ಬಿಡ್ಬೇಕಿತ್ತು, ಮಾರಾಯ."

ಅವನ ಕೈ ಬೆಚ್ಚಗಿತ್ತು. ವೆಂಡೆಲ್ ತನ್ನದನ್ನು ಮೆಲ್ಲನೆ ಬಿಡಿಸಿಕೊಂಡ.

ಮರುದಿನ ಡೆಲ್ಫೀನ್ ಮೂರು ಲೋಟ ಕಾಫಿ ತಂದಳು. ಒಂದನ್ನು ಅವನ ಮುಂದೆ ಇಟ್ಟು ಅಲ್ಲೇ ನಿಂತಳು.

"ರುಬೆನ್ ಅಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಆ ತೂತು ನೋಡ್ದಾಗ."

ಅವಳು ತಲೆಯಾಡಿಸಿ, ಅವನ ಭುಜ ತಟ್ಟಿ, ರುಬೆನ್ ಕಡೆ ಹೋದಳು.

ಎರಡು ಬೇಸಿಗೆಯ ಹಿಂದೆ, ಕಾನೂನಿಗೆ ವಿರುದ್ಧವೆಂದು, ಆ ನಾಲ್ಕು ಸ್ಕ್ರೂ ಬಿಚ್ಚಿ ಫಲಕ ಇಳಿಸಿದವನು ತಾನೇ ಎಂದೂ, ಚಿತ್ರ ಕಂಡ ಮೊದಲ ಗಳಿಗೆಯಲ್ಲೇ ರುಬೆನ್ ತಪ್ಪು ಮಾಡಿಲ್ಲವೆಂದು ತನಗೆ ಗೊತ್ತಿತ್ತು ಎಂದೂ ವೆಂಡೆಲ್ ಅವಳಿಗೆ ಹೇಳಲೇ ಇಲ್ಲ.