ನಲವತ್ತೊಂದನೆಯ ಹಲ್ಲು

ಮುರಿದ ಯಂತ್ರದ ಚಿಕ್ಕ ಗೇರಿನಲ್ಲಿ ಒರಟಾಗಿದ್ದ ಒಂದು ಹಲ್ಲಿಗೆ ಸೀಮೆಸುಣ್ಣ ಬಳಿದು ಅವಳು ಕೈಯಿಂದಲೇ ತಿರುಗಿಸಿದಳು. ಒಂದು ಸುತ್ತು, ಎರಡು, ಮತ್ತೆ ಮತ್ತೆ... ಜೊತೆಗಿದ್ದ ದೊಡ್ಡ ಗೇರಿನಲ್ಲಿ ಬಿಳಿ ಮೆತ್ತಿದ್ದು ಎರಡೇ ಹಲ್ಲಿಗೆ. ಒಡೆದಿದ್ದವೂ ಅವೇ ಎರಡು.

“ದೊಡ್ಡದಕ್ಕೆ ಎಷ್ಟು ಹಲ್ಲು ಕೊರೆದೆ?” ಬಾಗಿಲಲ್ಲಿ ನಿಂತವನನ್ನು ಕೇಳಿದಳು.

ಅವನು ಆ ವರ್ಕ್‌ಶಾಪಿನಲ್ಲಿ ಗೇರು ಕೊರೆಯುವವನು. ಎಲ್ಲರ ಬಾಯಲ್ಲೂ ‘ಹಲ್ಲಿನ ಡಾಕ್ಟರು’. ನಕ್ಷೆ ಬರೆಯುವವಳು ಅವಳು. ಯಂತ್ರ ಮುರಿದದ್ದು ನಕ್ಷೆಯ ತಪ್ಪಿನಿಂದ ಎಂದು ಮಾಲೀಕರು ಬೆಳಗ್ಗೆಯಷ್ಟೇ ಅವಳನ್ನು ಕೆಲಸದಿಂದ ತೆಗೆದಿದ್ದರು.

“ನಲವತ್ತು.”

“ನಾನು ಬರೆದದ್ದು?”

“ನಲವತ್ತೊಂದು.”

“ಎಣಿಕೆ ತಪ್ಪಿತಾ?” ತಪ್ಪಿತು ಅನ್ನಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

“ಇಲ್ಲ... ಗೊತ್ತಿದ್ದೇ ಕೊರೆದೆ.”

ಅವಳು ಸೀಮೆಸುಣ್ಣ ಕೆಳಗಿಟ್ಟಳು.

“ನಲವತ್ತೊಂದು ಯಾಕೆ ಅಂತ ಹೇಳಿದ್ದೆ ತಾನೆ? ಅದು ಅವಿಭಾಜ್ಯ. ಒಂದು ಬಿಟ್ಟರೆ ಅದನ್ನ ಭಾಗಿಸೋದು ಅದೇ. ಚಿಕ್ಕ ಗೇರಿನ ಇಪ್ಪತ್ತು ಹಲ್ಲಿನಲ್ಲಿ ಪ್ರತಿಯೊಂದೂ ಸರದಿ ಮೇಲೆ ದೊಡ್ಡದರ ಎಲ್ಲ ಹಲ್ಲನ್ನೂ ಮುಟ್ಟತ್ತೆ, ಸವೆತ ಹಂಚಿಹೋಗತ್ತೆ. ನಲವತ್ತನ್ನ ಇಪ್ಪತ್ತು ಸಲೀಸಾಗಿ ಭಾಗಿಸತ್ತೆ. ಒರಟು ಹಲ್ಲು ಆ ಎರಡನ್ನೇ ಕಡೀತಾ ಇರತ್ತೆ, ಪಾಪ.”

“ಗೊತ್ತು ಕಣೇ. ಆದ್ರೆ ನಲವತ್ತಾದ್ರೆ ಕೊರೆಯೋ ಯಂತ್ರದ ಹಿಡಿನ ಹಲ್ಲಿಗೊಂದು ಪೂರ್ತಿ ಸುತ್ತು ತಿರುಗಿಸಿದ್ರೆ ಮುಗೀತು. ನಲವತ್ತೊಂದಕ್ಕೆ ತೂತಿನ ತಟ್ಟೆ ಹಾಕ್ಕೊಂಡು ಒಂದೊಂದೇ ತೂತು ಎಣಿಸ್ತಾ ಕೂರಬೇಕು. ಅವತ್ತು ಸಂಜೆ ನೀನು ಕಾಯ್ತಿದ್ದೆ...”

ಆ ಸಂಜೆ. ಸೇತುವೆಯ ಮೇಲೆ ಅವನು ಮೊದಲ ಸಲ ಅವಳ ಕೈ ಹಿಡಿದದ್ದು. ಅವಳ ಪಾಲಿಗಿದ್ದ ಒಂದೇ ಒಂದು ಒಳ್ಳೆಯ ಸಂಜೆಯನ್ನು ಅವನು ಅವಳ ನಕ್ಷೆಯಿಂದಲೇ ಕತ್ತರಿಸಿ ತಂದಿದ್ದ.

“ಹೋಗಿ ನಿನ್ನ ಮಾವನಿಗೆ ಹೇಳು.” ಮಾಲೀಕರು ಅವನ ಸೋದರಮಾವ.

“ನನ್ನನ್ನ ಓಡಿಸ್ತಾರೆ.”

“ನನ್ನನ್ನ ಓಡಿಸಿ ಆಯ್ತಲ್ಲ. ನಾನೇ ಹೇಳಿದ್ರೆ, ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತಾರೆ. ಈ ತಪ್ಪು ಹೊತ್ತುಕೊಂಡು ಹೋದ್ರೆ ಇನ್ಯಾರು ನನ್ನ ಕೈಗೆ ಪೆನ್ಸಿಲ್ ಕೊಡ್ತಾರೆ?”

ಪಕ್ಕದ ಕೋಣೆಯಲ್ಲಿ ಮಾಲೀಕರು ಕೆಮ್ಮಿದರು. ಆ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಹೋಗಲಿ ಎಂದು ಅವಳು ಕಾದಳು.

“ಮದುವೆ ಆಗೋಣ,” ಅಂದ ಕೊನೆಗೆ. “ಅಮ್ಮ ಒಪ್ಪಿದ್ದಾರೆ. ನೀನು ಕೆಲಸಕ್ಕೆ ಹೋಗೋದೇ ಬೇಡ, ನಾನು ನೋಡ್ಕೋತೀನಿ. ಇದೊಂದನ್ನ ಮರೆತುಬಿಡು...”

ಈ ಮಾತಿಗಾಗಿ ಎಷ್ಟು ಹಂಬಲಿಸಿದ್ದಳು... ಎಣ್ಣೆ ವಾಸನೆಯ ಅವನ ಕೈ ಅವಳ ಕೆನ್ನೆ ಸವರಿತು. ಈಗಲೂ ಆ ಕೈಯ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಾರದಿದ್ದುದನ್ನೇ ಅವಳಿಂದ ಸಹಿಸಲಾಗಲಿಲ್ಲ.

“ಅಂದ್ರೆ, ಅವರಿಗೆ ಹೇಳಲ್ಲ?”

“ನನ್ನ ಮೇಲೆ ಪ್ರೀತಿ ಇಲ್ವಾ ನಿನಗೆ?”

“ಇದೆ.”

“ಹಾಗಾದ್ರೆ ಮದುವೆ ಆಗು.”

“ಆಗಲ್ಲ,” ಅಂದಳು.