ಹತ್ತಕ್ಕೆ ಸೊನ್ನೆ

"ಚನ್ನೇಶ: ಹತ್ತಕ್ಕೆ ಸೊನ್ನೆ."

ಹಾನಗಲ್ಲಿನ ಪಾಲಿಟೆಕ್ನಿಕ್ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಅದು ಮೂಡಿದಾಗ ಮೊದಲು ನಕ್ಕವರು ಟ್ರಸ್ಟಿನ ಕಾರ್ಯದರ್ಶಿ ಕುಬೇರಪ್ಪನವರು. ಕಾರ್ಯದರ್ಶಿ ನಕ್ಕ ಮೇಲೆ ನಗದಿರುವುದು ಸೇವಾ ನಿಯಮಕ್ಕೆ ವಿರುದ್ಧ ಅನ್ನುವ ಹಾಗೆ ತರಬೇತಿಗೆ ಬಂದಿದ್ದ ಉಪನ್ಯಾಸಕರೆಲ್ಲ ನಕ್ಕರು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ. ಕಣ್ಣಲ್ಲಿ ಬೆಂಕಿ!

"ಮೇಡಂ, ನಿಮ್ಮ ಮೊಬೈಲ್ ಸುಳ್ಳು ಹೇಳಾಕತ್ತೈತಿ!"

ತರಬೇತಿ ನಡೆಸುತ್ತಿದ್ದ ತನುಜಾಳ ಕಿವಿ ಬಿಸಿಯಾಯಿತು. "ಮೊಬೈಲಿಗೆ ನಿಮ್ಮ ಮ್ಯಾಲೆ ಏನ್ ಹಗೆತನ ಐತ್ರಿ ಸರ್?"

"ಮೊಬೈಲಿಗಿಲ್ಲ. ಅದನ್ನ ಹಿಡದವ್ರಿಗೆ ಇರಬಹುದು! ಎಂಟು ವರ್ಷ ಆತು ನಾ ಎಂಜಿನಿಯರಿಂಗ್ ಡ್ರಾಯಿಂಗ್ ಕಲಸಾಕತ್ತು. ಈ ಪ್ರಶ್ನೆಗಳಿಗೆ ನಮ್ಮ ಹುಡುಗ್ರು ನಿದ್ದಿಗಣ್ಣಾಗ ಉತ್ತರಾ ಹೇಳ್ತಾರ."

"ಹಂಗಾದ್ರ ಅವರನ್ನ ಕಳಸಬೇಕಿತ್ತು!"

ಮತ್ತೆ ನಗು. ಅವನು ಕೈಲಿದ್ದ ಕಾರ್ಡನ್ನು ಜೇಬಿಗೆ ತುರುಕಿಕೊಂಡು ಹೊರಟೇಹೋದ. ಬಾಗಿಲು ಬಡಿದ ರಭಸಕ್ಕೆ ಪ್ರೊಜೆಕ್ಟರ್ ಅಲುಗಿ, ಗೋಡೆಯ ಮೇಲಿನ ಸೊನ್ನೆಯೂ ನಡುಗಿತು.

'ಎಂಥಾ ಸೊಕ್ಕು!' ಅಂದುಕೊಂಡಳು ತನುಜಾ. ಯಾರ ಸೊಕ್ಕು ಅನ್ನುವುದು ಮಾತ್ರ ಆ ಕ್ಷಣ ಅವಳಿಗೆ ಖಾತ್ರಿ ಇರಲಿಲ್ಲ...

ತನುಜಾ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪ್ರೊಫೆಸರ್. ಕೈಚೀಲದಲ್ಲಿ ಸದಾ ಒಂದು ಕಟ್ಟು ಕಾರ್ಡು. ಚಹಾದಂಗಡಿಯಲ್ಲಿ ದುಡ್ಡು ಹಾಕಲು ಅಂಟಿಸಿರುತ್ತಾರಲ್ಲ, ಅಂಥ ಕಪ್ಪು-ಬಿಳುಪು ಚೌಕ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಕಾರ್ಡು, ನಾಲ್ಕು ಅಂಚಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ಪ್ರಶ್ನೆ ಕೇಳಿದಾಗ ನಿಮ್ಮ ಉತ್ತರದ ಅಕ್ಷರ ಮೇಲೆ ಬರುವಂತೆ ಹಿಡಿದರೆ ಸಾಕು. ಮೇಡಂ ಕೈಯ ಒಂದೇ ಮೊಬೈಲು ಇಡೀ ಕ್ಲಾಸನ್ನು ಓದಿಬಿಡುತ್ತದೆ. ಬಾಯಿ ಬಿಡಬೇಕಿಲ್ಲ. ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಹತ್ತಿಮತ್ತೂರಿನ ಕನ್ನಡ ಶಾಲೆಯಿಂದ ಎಂಜಿನಿಯರಿಂಗಿಗೆ ಹೋದವಳು ತನುಜಾ. ಇಂಗ್ಲಿಷಿಗೆ ಹೆದರಿ, ಉತ್ತರ ಗೊತ್ತಿದ್ದೂ ಹಿಂದಿನ ಬೆಂಚಿನಲ್ಲಿ ತುಟಿ ಹೊಲಿದುಕೊಂಡು ಕೂತವಳು. ಆ ಹುಡುಗಿಗಾಗಿಯೇ ಅವಳು ಈ ಕಾರ್ಡು ಹಿಡಿದದ್ದು. ವಿಭಾಗದವರೆಲ್ಲ 'ಇಸ್ಪೀಟ್ ಮೇಡಂ' ಅಂದರೂ ಬಿಡಲಿಲ್ಲ. ಈಗ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿದ್ದ ಒಂದೇ ಟ್ರಸ್ಟಿನ ಕಾಲೇಜುಗಳು ಪ್ರಯೋಗಕ್ಕೆ ಸಿಕ್ಕಿದ್ದವು. ಇಲ್ಲಿ ಗೆದ್ದರೆ ಜಿಲ್ಲೆಗೆಲ್ಲ ಹೋಗುತ್ತದೆ. ಸೋತರೆ ರಿಟೈರ್ ಆಗುವವರೆಗೂ ಇಸ್ಪೀಟು.

ಯಾರ ಹೆಸರನ್ನೂ ಗೋಡೆಗೆ ಹಾಕಬಾರದು. ಇದು ಅವಳದೇ ನಿಯಮ. "ಹಾಕ್ರಿ ಮೇಡಂ, ಸ್ವಲ್ಪ ಮಜಾ ಬರ್ತೈತಿ," ಅಂದಿದ್ದರು ಕುಬೇರಪ್ಪ.

ಅವಳು ಹಾಕಿದ್ದಳು.

ಸಂಜೆಯ ಹುಬ್ಬಳ್ಳಿ ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿ ಇದ್ದವು. ಆದರೂ ಚನ್ನೇಶ ಬಂದು ಕೂತದ್ದು ಅವಳ ಪಕ್ಕದ ಸಾಲಿನಲ್ಲೇ. ತೀರ ದೂರ ಕೂತರೆ ಜಗಳ ಸರಿಯಾಗಿ ಕೇಳಿಸುವುದಿಲ್ಲ.

"ನಮ್ಮ ಸವಣೂರ ಬಸ್ ಕೆಟ್ಟಿತ್ತು. ತಡಾ ಆತು, ಖರೆ. ಅದಕ್ಕ ಶಿಕ್ಷಾ ಏನ್ರಿ ಇದು?"

"ನೀವು ತಪ್ಪು ಉತ್ತರ ಕೊಟ್ರಿ, ಅಷ್ಟ."

"ಕೊಟ್ಟಿಲ್ಲ!"

"ಕೊಟ್ಟೀರಿ!"

ಕಂಡಕ್ಟರ್ ಇಬ್ಬರ ನಡುವೆ ಬಂದು ನಿಂತ. "ಮೇಡಂ ಆಧಾರ್ ತೋರಸ್ರಿ. ಸರ್ ರೊಕ್ಕಾ ಕೊಡ್ರಿ. ಆಮ್ಯಾಲೆ ಆರಾಮ ಬಡದಾಡ್ರಿ."

ಸ್ವಲ್ಪ ಹೊತ್ತಿಗೆ ಅವನು ಚೀಲದಿಂದ ಒಂದು ಪೊಟ್ಟಣ ತೆಗೆದು, ಮುಖ ಕಿಟಕಿಯ ಕಡೆ ಇಟ್ಟುಕೊಂಡೇ ಇವಳ ಕಡೆ ಚಾಚಿದ.

"ತಿನ್ರಿ."

"ಬ್ಯಾಡ."

"ಸವಣೂರ ಖಾರಾ ಐತಿ. ಸಿಟ್ಟು ಬ್ಯಾರೆ, ಹಸಿವು ಬ್ಯಾರೆ."

ಅವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅದು ಇವನಿಗೆ ಹೇಗೆ ಗೊತ್ತಾಯಿತು? ಒಂದು ಮುಕ್ಕು ಬಾಯಿಗೆ ಹಾಕಿಕೊಂಡಳು. ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು!

ಬಂಕಾಪುರದಲ್ಲಿ ಇಳಿಯುವಾಗ ಅವನ ದನಿ ಇಳಿದಿತ್ತು. "ನನ್ನ ಹುಡುಗ್ರ ಮುಂದ ಹೆಂಗ ನಿಲ್ಲಲ್ರಿ ಮೇಡಂ?"

ಅವಳಿಗೆ ತನ್ನ ಹಿಂದಿನ ಬೆಂಚು ನೆನಪಾಯಿತು.

"ಈ ಸೊನ್ನೆ ಆ ತರಬೇತಿ ಖೋಲಿ ದಾಟೂದಿಲ್ರಿ. ನನ್ನ ಮಾತು."

ಮುಂದಿನ ಶನಿವಾರ ಶಿಗ್ಗಾಂವಿಗೂ ಬಂದ. ಕಾರ್ಡು ಮುಟ್ಟಲಿಲ್ಲ, ಕೈಕಟ್ಟಿ ಕೂತು ಎಲ್ಲದಕ್ಕೂ ತಕರಾರು ತೆಗೆದ. ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ಖಾರಾ, ಮತ್ತೆ ಜಗಳ. ಆದರೆ ಅವನ ಜಗಳದ ತುಂಬ ಅವನ ಹುಡುಗರೇ ಇರುತ್ತಿದ್ದರು. ಯಾರಿಗೆ ವೃತ್ತ ಬರುವುದಿಲ್ಲ, ಯಾರು ಪೆನ್ಸಿಲ್ ಒತ್ತಿ ಮುರಿಯುತ್ತಾರೆ, ಯಾವ ಹುಡುಗಿ ಗೊತ್ತಿದ್ದೂ ಬಾಯಿ ಬಿಡುವುದಿಲ್ಲ... 'ಇಂಥವನಿಗೆ ಸೊನ್ನೆ ಹೆಂಗ ಬಂತು?'

ವಾರವಿಡೀ ತನುಜಾ ಅವನಿಗೆ ಕೊಡಬೇಕಾದ ಮಾರುತ್ತರಗಳನ್ನು ಮಸೆಯುತ್ತಿದ್ದಳು. ಗುರುವಾರವೇ ಶನಿವಾರದ ಸೀರೆಗೆ ಇಸ್ತ್ರಿ ಹಾಕುತ್ತ ನಿಂತಿದ್ದು ಅರಿವಾಗಿ, ಇಸ್ತ್ರಿಪೆಟ್ಟಿಗೆಯ ಮೇಲೆ ರೇಗಿದಳು.

ಆಗಲೇ ಕುಬೇರಪ್ಪನವರ ಫೋನು.

"ಮೇಡಂ, ನಿಮ್ಮ ಕಾರ್ಡು ಭಾಳ ಚೊಲೋ ಅದಾವ ನೋಡ್ರಿ! ಆ ಸೊನ್ನೆ ಮಾಸ್ತರನ್ನ ಈ ತಿಂಗಳಿಗೆ ಕೆಲಸದಿಂದ ಬಿಡಸಾಕತ್ತೇವಿ. ಗೋಡೆ ಮ್ಯಾಲಿಂದು ಫೋಟೋ ಹೊಡಕೊಂಡಿದ್ದೆ, ಪುರಾವೆ ಆತು."

ಅವಳು ಶನಿವಾರಕ್ಕೆ ಕಾಯಲಿಲ್ಲ.

ಸವಣೂರಿನ ಕ್ಲಾಸಿನ ಬಾಗಿಲಲ್ಲಿ ಅವಳು ನಿಂತಾಗ ಚನ್ನೇಶ ಕಟ್ಟಿಗೆಯ ಒಂದು ತುಂಡು ಹಿಡಿದು ಪಾಠ ಮಾಡುತ್ತಿದ್ದ.

"ಇದನ್ನ ಮ್ಯಾಲಿಂದ ನೋಡಿದ್ರ ಹೆಂಗ ಕಾಣತೈತಿ, ಅದನ್ನ ಶೀಟಿನಾಗ ಎಲ್ಲಿ ಬರೀಬೇಕು?"

"ಕೆಳಗ್ರೀ ಸರ್!"

"ಕೇಳಸ್ಲಿಲ್ಲ!"

"ಕೆಳಗ!!"

ನಮ್ಮ ದೇಶದ ಎಂಜಿನಿಯರಿಂಗ್ ನಕ್ಷೆಯ ಕ್ರಮವೇ ಹಾಗೆ. ಮೇಲಿನ ನೋಟ ಕೆಳಗೆ. ಹೆಸರು, ನಂಬರು ಎಲ್ಲವೂ ಹಾಳೆಯ ಕೆಳಗಿನ ಮೂಲೆಗೆ. ತನುಜಾಗೆ ಇದು ಹೊಸದಲ್ಲ. ಆದರೂ ಆ ಕೂಗಿಗೆ ಅವಳ ಮೈ ಜುಮ್ಮೆಂದಿತು. 'ಕೆಳಗ... ಅಯ್ಯೋ ದೇವರೇ!'

ಅವಳನ್ನು ಕಂಡದ್ದೇ ಅವನು ಹೊರಗೆ ಬಂದ. ಮುಖ ಕಪ್ಪಿಟ್ಟಿತ್ತು; ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಖೋಲಿ ದಾಟೂದಿಲ್ಲ ಅಂದಿದ್ರಿ!"

"ನಾ ಯಾರಿಗೂ ಕೊಟ್ಟಿಲ್ರಿ. ಕುಬೇರಪ್ಪನವರು ಫೋಟೋ..."

"ಗೋಡೆ ಮ್ಯಾಲೆ ಹಾಕಿದವರು ಯಾರು?"

ಅವಳು ತಲೆತಗ್ಗಿಸಿದಳು. "ನಾನು." ಮರುಕ್ಷಣ ತಲೆ ಎತ್ತಿದಳು. "ಕಾರ್ಡ್ ಎಲ್ಲೈತ್ರಿ?"

"ಈಗೂ ಕಾರ್ಡಿಂದ ಚಿಂತಿ!"

"ಸಿಟ್ಟು ಆಮ್ಯಾಲೆ ಮಾಡ್ರಿ, ಎಲ್ಲೂ ಓಡಿ ಹೋಗೂದಿಲ್ಲ ಅದು. ಉತ್ತರ 'ಬಿ' ಐತಿ ಅಂತ ತಿಳೀರಿ. ಹಿಡದು ತೋರಸ್ರಿ."

ಅವನು ಹಲ್ಲು ಕಚ್ಚಿ, ಜೇಬಿನಿಂದ ಕಾರ್ಡು ತೆಗೆದು ಹಿಡಿದ. 'ಬಿ' ಕೆಳಗೆ, ಹೆಬ್ಬೆರಳಿನ ಪಕ್ಕ ಭದ್ರವಾಗಿ ಕೂತಿತ್ತು.

"ಕೆಳಗ ಯಾಕ?"

"ಮತ್ತೆಲ್ಲಿ ಬರ್ತೈತ್ರಿ? ಹೆಸರು, ನಂಬರು, ಏನಿದ್ರೂ ಕೆಳಗನ..." ಮಾತು ನಿಧಾನವಾಯಿತು. "ಮ್ಯಾಲೆ ಇರಬೇಕಿತ್ತೇನು?"

"ಅದನ್ನ ಹೇಳಿದಾಗ ನೀವು ಕೆಟ್ಟ ಬಸ್ಸಿನಾಗ ಇದ್ರಿ. ನೀವು ಬಂದ ಮ್ಯಾಲೆ ನಾ ಮತ್ತೊಮ್ಮೆ ಹೇಳಲಿಲ್ಲ." ಅವಳಿಗೆ ನಗು, ಅಳು ಒಟ್ಟಿಗೇ ಬಂದವು. "ಏನೂ ಗೊತ್ತಿಲ್ಲದವ ಕಣ್ಣು ಮುಚ್ಚಿ ಹಿಡದ್ರೂ ಎರಡಾದ್ರೂ ಸರಿ ಬರ್ತಾವ್ರಿ. ಹತ್ತೂ ತಪ್ಪಾಗಬೇಕಂದ್ರ... ಹತ್ತೂ ಗೊತ್ತಿರಬೇಕು!"

ಅವನು ನಗಲಿಲ್ಲ.

"ನನಗ ಹೇಳಿ ಏನ್ ಮಾಡ್ತೀರಿ? ನಕ್ಕವ್ರಿಗೆ ಹೇಳ್ರಿ."

ಬಾಗಿಲು ಮುಚ್ಚಿತು.

ಹಿರೇಕೆರೂರಿನಲ್ಲಿ ಸಮಾರೋಪ. ಜಿಲ್ಲೆಯ ಬೇರೆ ಕಾಲೇಜುಗಳ ಪ್ರಾಂಶುಪಾಲರೂ ಬಂದಿದ್ದರು. ಇವತ್ತು ಅವರು ಮೆಚ್ಚಿದರೆ ತನುಜಾಳ ಕನಸು ನನಸು.

ಕುಬೇರಪ್ಪ ಮೈಕು ಹಿಡಿದರು. "ಈ ತಂತ್ರಜ್ಞಾನದಿಂದ ನಾವು ಈಗಾಗಲೇ ಒಬ್ಬ ಅಸಮರ್ಥ ಉಪನ್ಯಾಸಕರನ್ನ ಗುರುತಿಸೇವಿ..."

ಚಪ್ಪಾಳೆ. ಸಭೆಯ ಕೊನೆಯ ಬಾಗಿಲಲ್ಲಿ ಚನ್ನೇಶ ನಿಂತಿದ್ದ. ನಕ್ಕವರನ್ನು ಮತ್ತೊಮ್ಮೆ ನೋಡಲು ಬಂದವನ ಹಾಗೆ.

ತನುಜಾ ಎದ್ದಳು. ಕಟ್ಟಿನಿಂದ ಒಂದು ಕಾರ್ಡು ತೆಗೆದಳು.

"ಸರ್, ನಿಮ್ಮ ಹೆಸರಿಗೂ ಒಂದು ಕಾರ್ಡು ಮಾಡೇನಿ, ಹಿಡೀರಿ. ನಾ ಕೊಟ್ಟಂಗ. ಪ್ರಶ್ನೆ ಸಸಾರ ಐತಿ. ನಿಮ್ಮ ಹೆಸರು ಕುಬೇರಪ್ಪ. ಹೌದಂದ್ರ ಎ, ಅಲ್ಲಂದ್ರ ಸಿ."

ಎ ಅಂಚನ್ನು ಕೆಳಗೆ ಮಾಡಿ ಅವಳು ಕೊಟ್ಟಿದ್ದಳು. ಕುಬೇರಪ್ಪ ಗತ್ತಿನಿಂದ ಹಾಗೇ ಹಿಡಿದರು. ಮೊಬೈಲು ಓದಿತು. ಗೋಡೆಯ ಮೇಲೆ ಮೂಡಿತು: ಕುಬೇರಪ್ಪ: ಅಲ್ಲ. ತಪ್ಪು ಉತ್ತರ.

ಸಭೆ ಗೋಡೆ ನೋಡಿತು, ಕಾರ್ಯದರ್ಶಿಗಳ ಮುಖ ನೋಡಿತು. ಆಮೇಲೆ ಎಲ್ಲೋ ಒಂದು ಕಿಸಕ್ಕು.

"ಕಾರ್ಯದರ್ಶಿಗಳಿಗೆ ತಮ್ಮ ಹೆಸರ ಗೊತ್ತಿಲ್ಲ ಅಂತ ಮೊಬೈಲ್ ಹೇಳತೈತಿ. ಬಿಡಸಿಬಿಡೂಣ್ರೇನು?" ಅವಳ ದನಿ ಏರಿತು. "ಚನ್ನೇಶ ಸರ್ ಕಾರ್ಡು ಹಿಡದದ್ದೂ ಹಿಂಗ. ಹೆಂಗ ಹಿಡೀಬೇಕಂತ ಅವರಿಗೆ ಹೇಳದ ತಪ್ಪು ನಂದು. ಹೆಸರು ಗೋಡೆಗೆ ಹಾಕಿದ ತಪ್ಪೂ ನಂದು! ಇದು ಬಾಯಿಲ್ಲದ ಹುಡುಗ್ರಿಗೆ ಬಾಯಿ ಕೊಡಾಕ ತಂದದ್ದು. ಕಲಸೋರ ಅನ್ನಾ ಕಸಿಯಾಕ ಅಲ್ಲ. ಆ ಫಲಿತಾಂಶ ವಾಪಸ್ ತಗೊಂಡೇನಿ. ಅವರನ್ನ ಬಿಡಸಿದ್ರ ಈ ಕಾರ್ಡೂ ನಿಮ್ಮ ಕಾಲೇಜಿನ್ಯಾಗ ಇರೂದಿಲ್ಲ!"

ಪರ ಊರಿನ ಪ್ರಾಂಶುಪಾಲರ ಎದುರು ಕುಬೇರಪ್ಪನವರಿಗೆ ಬೇರೆ ದಾರಿ ಇರಲಿಲ್ಲ. "ಮಾಸ್ತರು ಇರ್ಲಿ," ಅಂದರು, ಬೆವರು ಒರೆಸಿಕೊಂಡು. "ಕಾರ್ಡು... ಮುಂದಿನ ವರ್ಷ ನೋಡೂಣಂತ."

ಮುಂದಿನ ವರ್ಷ ಅಂದರೆ ಏನು ಅನ್ನುವುದು ಎಲ್ಲ ಕಾಲೇಜಿನವರಿಗೂ ಗೊತ್ತು. ತನುಜಾ ಕಾರ್ಡುಗಳನ್ನು ಕಟ್ಟಿ ಚೀಲಕ್ಕೆ ಹಾಕಿಕೊಂಡಳು.

ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಸುಡು ಮಧ್ಯಾಹ್ನ. ಹಿಂದಿನಿಂದ ಬಂದ ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ಯಾರು ಹೇಳಿದ್ರಿ ನಿಮಗ ಅಷ್ಟೆಲ್ಲಾ ಮಾತಾಡಾಕ? ನಿಮ್ಮ ಇಷ್ಟು ವರ್ಷದ ಕೆಲಸಾ ಹಾಳಾತಲ್ರಿ!"

"ನೀವ ಹೇಳಿದ್ರಿ. ನಕ್ಕವ್ರಿಗೆ ಹೇಳ್ರಿ ಅಂತ."

ಚನ್ನೇಶ ಅವಳ ಕಾರ್ಡಿನ ಚೀಲದ ಕಡೆ ನೋಡಿದ.

"ಹಾಳಾಗಿಲ್ರಿ," ಅಂದ. "ಸೋಮವಾರದಿಂದ ನನ್ನ ಕ್ಲಾಸಿನಾಗ ಶುರು ಮಾಡ್ತೇನಿ. ಕುಬೇರಪ್ಪ ಬ್ಯಾಡಂದ್ರೂ. ಬಾಯಿ ಬಿಡದ ಆ ಹುಡುಗಿ ಅದಾಳಲ್ಲ... ಆಕಿಗೆ ಬೇಕು."

ತನುಜಾಳ ಕಣ್ಣು ತುಂಬಿ ಬಂದವು. ವೇದಿಕೆಯ ಮೇಲೆ ಬಾರದ ನೀರು ಈಗ ಬಂತು...

ಅವನು ಜೇಬಿಗೆ ಕೈ ಹಾಕಿದ. ಅದೇ ಕಾರ್ಡು, ಮೂಲೆಗಳು ಮೆತ್ತಗಾಗಿದ್ದವು. "ನನ್ನ ಪರೀಕ್ಷಾ ಇನ್ನೊಮ್ಮೆ ತಗೋರಿ. ಒಂದ ಪ್ರಶ್ನೆ."

"ಏನ್ ಕೇಳ್ಲಿ?"

"ನಾ ದಿನಾ ಶನಿವಾರಕ್ಕ ಯಾಕ ಕಾಯ್ತಿದ್ದೆ ಅಂತ ಕೇಳ್ರಿ. ಎ, ತಕರಾರು ತೆಗ್ಯಾಕ. ಬಿ, ಖಾರಾ ತಿನ್ನಾಕ. ಸಿ..." ಕಾರ್ಡು ಎತ್ತಿ ಹಿಡಿದ. "ಸಿ, ನಿಮ್ಮ ಸಲುವಾಗಿ."

ಅವಳು ಮೊಬೈಲು ಎತ್ತಿದಳು. ಓದಿದಳು. ಹುಬ್ಬು ಗಂಟಿಕ್ಕಿದಳು.

"ಎ ಅಂತ ಬಂದೈತಿ."

"ಏನು?! ಸುಳ್ಳು ಹೇಳತೈತಿ ನಿಮ್ಮ ಮೊ—"

"ಇನ್ನೂ ಕೆಳಗ ಹಿಡೀತೀರಲ್ರಿ, ಮಾರಾಯರ!" ಅವಳು ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿದಳು. ಸಿ ಮೇಲೆ ಬಂತು. ಅವಳು ಕೈ ಬಿಡಲಿಲ್ಲ.

"ರೂಢಿ ಆಗೈತ್ರಿ," ಅಂದ. "ತಿರುಗಸಾಕ ಯಾರಾದ್ರೂ ಬಾಜೂಕ ಇರಬೇಕು... ತನುಜಾ."

"ಇರ್ತೇನಿ. ಆದ್ರ ಜಗಳಾ ಬಿಡೂದಿಲ್ಲ."

"ಬಿಡಬ್ಯಾಡ್ರಿ. ಬಸ್ಸಿನ್ಯಾಗ ಮತ್ತೇನ್ ಮಾಡೂಣು?"

ಹಾನಗಲ್ ಬಸ್ಸು ಬಂತು. ಈ ಸಲ ಅವನು ಪಕ್ಕದ ಸಾಲಿಗೆ ಹೋಗಲಿಲ್ಲ.

"ಖಾರಾ ತಂದೀರಿಲ್ಲೋ?" ಅಂದಳು ತನುಜಾ, ಕಿಟಕಿಯ ಕಡೆ ಸರಿದು ಅವನಿಗೆ ಜಾಗ ಮಾಡುತ್ತ.